ಕಿವಿಗೆ ಹೂ ಇಡುವ ಸವಾರಿಗಳು

1987ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ‘ಸ್ಟಾರ್ ಟೂರ್ಸ್’ ಎಂಬ ಸವಾರಿ ಶುರುವಾಯಿತು. ನಲವತ್ತು ಜನ ಕೂರುವ ಮುಚ್ಚಿದ ಡಬ್ಬಿ, ಎದುರಿಗೊಂದು ಪರದೆ, ಅಷ್ಟೇ. ಬೆಲ್ಟ್ ಬಿಗಿದುಕೊಂಡು ಕೂತರೆ ರೋಬೊ ಪೈಲಟ್ ಏನೋ ಎಡವಟ್ಟು ಮಾಡುತ್ತಾನೆ. ನೌಕೆ ಬೆಳಕಿನ ವೇಗಕ್ಕೆ ಜಿಗಿಯುತ್ತದೆ. ಪರದೆಯ ಮೇಲಿನ ಚುಕ್ಕಿಗಳು ಗೆರೆಗಳಾಗಿ ಹಿಂದಕ್ಕೆ ಓಡುತ್ತವೆ, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಹೊರಗೆ ನಿಂತ ಮೆಕ್ಯಾನಿಕ್‌ಗೆ ಕಾಣುವುದೇ ಬೇರೆ. ಡಬ್ಬಿ ಇದ್ದಲ್ಲೇ ಇದೆ. ಹೈಡ್ರಾಲಿಕ್ ಕಾಲುಗಳ ಮೇಲೆ ಮೂತಿ ಎತ್ತಿ ಸ್ವಲ್ಪ ಹಿಂದಕ್ಕೆ ವಾಲಿದೆ.

ಈ ಯಂತ್ರ ಬಂದಿದ್ದು ಬ್ರಿಟನ್ನಿನ ರೆಡಿಫ್ಯೂಷನ್ ಕಂಪನಿಯಿಂದ. ವಿಮಾನದ ಪೈಲಟ್‌ಗಳ ತರಬೇತಿಗೆ ಸಿಮ್ಯುಲೇಟರ್ ಮಾಡಿಕೊಡುವುದು ಅವರ ಕಸುಬು. ಕಥೆ ಬಂದಿದ್ದು ಜಾರ್ಜ್ ಲ್ಯೂಕಾಸ್ ಅವರ ಬಾಹ್ಯಾಕಾಶ ಸಿನಿಮಾ ಸರಣಿ ‘ಸ್ಟಾರ್ ವಾರ್ಸ್’ನಿಂದ. ಆಗಿನ್ನೂ ಅದು ಡಿಸ್ನಿಯ ಸ್ವತ್ತಲ್ಲ. ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಡಿಸ್ನಿ ಕೊಂಡಿದ್ದು 2012ರಲ್ಲಿ, 400 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು. ಜನ ಆಗಲೇ ಮೆಚ್ಚಿಕೊಂಡ ಕಥೆಯನ್ನು ಪಾರ್ಕಿಗೆ ತಂದರೆ ಟಿಕೆಟ್ ಮಾರುವುದು ಸುಲಭ, ಬೊಂಬೆ, ಟೀ ಶರ್ಟ್ ಮಾರುವುದು ಇನ್ನೂ ಸುಲಭ. ಈ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ನನಗೆ ಕುತೂಹಲ ಇರುವುದು ಇನ್ನೊಂದು ಲೆಕ್ಕದ ಬಗ್ಗೆ. ಗೊತ್ತಿರುವ ಕಥೆ ಯಂತ್ರದ ಕೆಲಸವನ್ನೂ ಹಗುರ ಮಾಡುತ್ತದೆ. ಹೇಗೆ ಅಂತ ತಿಳಿಯಬೇಕಾದರೆ ಮೊದಲು ಕಿವಿಯೊಳಗೆ ಇಣುಕಬೇಕು.

ಒಳಕಿವಿಯಲ್ಲಿ ಕೇಳುವ ಭಾಗದ ಪಕ್ಕದಲ್ಲೇ ಸಮತೋಲ ನೋಡಿಕೊಳ್ಳುವ ಭಾಗವೂ ಇದೆ. ದ್ರವ ತುಂಬಿದ ಮೂರು ಬಾಗಿದ ನಾಳಗಳು ತಲೆ ಯಾವ ಕಡೆ ತಿರುಗಿತು ಎಂದು ಪತ್ತೆ ಮಾಡುತ್ತವೆ. ಅವುಗಳ ಜೊತೆಗಿರುವುದು ಓಟೊಲಿತ್: ಲೋಳೆಯಂಥ ಪೊರೆಯ ಮೇಲೆ ಕೂತ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಪುಟ್ಟ ಹರಳುಗಳು. ಪೊರೆಯ ಕೆಳಗೆ ಸಣ್ಣ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ಬಸ್ಸು ದಡಕ್ಕನೆ ಹೊರಟರೆ ಹರಳುಗಳು ಹಿಂದೆ ಉಳಿಯುತ್ತವೆ, ಪೊರೆ ಜಾರುತ್ತದೆ, ಎಳೆಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ತಲೆ ಹಿಂದಕ್ಕೆ ವಾಲಿದರೂ ಇದೇ ಹರಳುಗಳು ತಮ್ಮ ಭಾರಕ್ಕೆ ಹಿಂದಕ್ಕೇ ಜಾರುತ್ತವೆ. ಎರಡು ಸಲವೂ ಹೋಗುವ ಸುದ್ದಿ ಒಂದೇ. ಪಾಪ, ಕಿವಿಯನ್ನು ಬೈದು ಪ್ರಯೋಜನವಿಲ್ಲ. ಮುಚ್ಚಿದ ಕೋಣೆಯೊಳಗೆ ಕೂತವರಿಗೆ ಗುರುತ್ವದ ಎಳೆತ ಯಾವುದು, ವೇಗ ಏರುತ್ತಿರುವುದರ ಒತ್ತಡ ಯಾವುದು ಎಂದು ಬೇರೆ ಮಾಡಿ ಹೇಳಲು ಆಗುವುದಿಲ್ಲ. ಐನ್‌ಸ್ಟೈನ್ ತಮ್ಮ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಕಟ್ಟಿದ್ದು ಈ ಮಾತಿನ ಮೇಲೇ.

ಲೆಕ್ಕ ಹಾಕಿ ನೋಡಿ. ಕುರ್ಚಿಯನ್ನು 20 ಡಿಗ್ರಿ ಹಿಂದಕ್ಕೆ ವಾಲಿಸಿದರೆ ನಮ್ಮ ತೂಕದ ಸುಮಾರು ಮೂರನೇ ಒಂದು ಭಾಗ ಬೆನ್ನ ಮೇಲೆ ಬೀಳುತ್ತದೆ. ನಿಂತ ಕಾರು ಎಂಟು ಸೆಕೆಂಡಿನ ಆಸುಪಾಸಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟಿದರೆ ಬೆನ್ನಿಗೆ ಸಿಗುವ ಒತ್ತಡವೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಕಾರಿಗೆ ಆ ಎಂಟು ಸೆಕೆಂಡಿಗೇ ನೂರು ಮೀಟರಿಗಿಂತ ಜಾಸ್ತಿ ರಸ್ತೆ ಬೇಕು. ವಾಲಿದ ಕುರ್ಚಿ ಬೇಕಾದಷ್ಟು ಹೊತ್ತು ಹಾಗೇ ಇರಬಹುದು.

ಒಂದೇ ತೊಡಕು. ಡಬ್ಬಿ ಗಬಕ್ಕನೆ ವಾಲಿದರೆ ಆ ಮೂರು ನಾಳಗಳು ಗುಟ್ಟು ರಟ್ಟು ಮಾಡುತ್ತವೆ. ಸೆಕೆಂಡಿಗೆ ಸುಮಾರು 3 ಡಿಗ್ರಿಗಿಂತ ನಿಧಾನವಾಗಿ ವಾಲಿಸಿದರೆ ಅವಕ್ಕೆ ಗೊತ್ತಾಗುವುದಿಲ್ಲ ಎಂಬುದು ಸಿಮ್ಯುಲೇಟರ್ ಮಾಡುವವರ ರೂಢಿಯ ಲೆಕ್ಕ. ಹಾಗಾಗಿ ಮೊದಲು ಮುಂದಕ್ಕೆ ಒಂದು ನಿಜವಾದ ಜಗ್ಗು ಕೊಡುತ್ತಾರೆ. ಅದರ ಗಲಾಟೆಯಲ್ಲೇ ಮೆಲ್ಲಗೆ ವಾಲಿಸುತ್ತಾರೆ. ಆಮೇಲೆ ಮುಂದಿನ ಜಗ್ಗಿಗೆ ಕಾಲುಗಳಲ್ಲಿ ಜಾಗ ಇರಬೇಕಲ್ಲ, ಅದಕ್ಕೆ ಯಾರಿಗೂ ತಿಳಿಯದ ಹಾಗೆ ಡಬ್ಬಿಯನ್ನು ಮತ್ತೆ ನಡುವಿಗೆ ತಂದು ನಿಲ್ಲಿಸುತ್ತಾರೆ. ಇಂಜಿನಿಯರ್‌ಗಳು ಇದಕ್ಕೆ ‘ವಾಷ್‌ಔಟ್’ ಅನ್ನುತ್ತಾರೆ.

ಇಷ್ಟಾದರೂ ಕಿವಿಯ ಸುದ್ದಿಗೆ ಎರಡು ಅರ್ಥ ಇದ್ದೇ ಇದೆ: ವಾಲಿದೆ, ಇಲ್ಲವೇ ಓಡುತ್ತಿದೆ. ತೀರ್ಪು ಕೊಡುವುದು ಕಣ್ಣು. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅನ್ನಿಸುತ್ತದೆ, ಅಲ್ವಾ? ಕಣ್ಣಿನ ಮಾತಿಗೆ ಮಿದುಳು ಅಷ್ಟು ಬೆಲೆ ಕೊಡುತ್ತದೆ. ಒಸಾಕಾದ ಯುನಿವರ್ಸಲ್ ಪಾರ್ಕಿನಲ್ಲಿ 2021ರಲ್ಲಿ ತೆರೆದ ‘ಸೂಪರ್ ನಿಂಟೆಂಡೊ ವರ್ಲ್ಡ್’ನ ಮಾರಿಯೊ ಕಾರ್ಟ್ ಸವಾರಿಯಲ್ಲಿ ಬಂಡಿ ನಿಜಕ್ಕೆ ಹೋಗುವುದು ನಿಧಾನವಾಗಿಯೇ. ರೇಸಿನ ವೇಗವೆಲ್ಲ ಕಣ್ಣೆದುರು ಮೂಡುವ ಚಿತ್ರಗಳದ್ದು. ಕಣ್ಣಿನ ಜೊತೆಗೆ, ನಾವು ಎಲ್ಲಿದ್ದೇವೆ, ಏನಾಗಲಿದೆ ಎಂಬ ನಿರೀಕ್ಷೆಯೂ ಕೆಲಸ ಮಾಡುತ್ತದೆ. ಹಲ್ಲಿನ ಡಾಕ್ಟರ ಕುರ್ಚಿ ಹಿಂದಕ್ಕೆ ವಾಲಿದಾಗ ಚಂದ್ರನಿಗೆ ಹೊರಟ ಹಾಗೆ ಯಾರಿಗೂ ಅನ್ನಿಸುವುದಿಲ್ಲ. ಪಾರ್ಕಿನ ಸವಾರಿ ಮುಗಿಯುವುದು ನಾಲ್ಕೈದು ನಿಮಿಷದಲ್ಲಿ. ಅಷ್ಟರಲ್ಲಿ ಹೊಸ ಲೋಕ, ಹೊಸ ಪಾತ್ರಗಳನ್ನು ಪರಿಚಯಿಸುತ್ತಾ ಕೂರಲು ಪುರುಸೊತ್ತೆಲ್ಲಿ? ಸಿನಿಮಾ ನೋಡಿ ಬಂದವರಿಗೆ ಗೆರೆಗಳಾಗುವ ನಕ್ಷತ್ರ ಅಂದರೆ ಏನು ಅಂತ ಆಗಲೇ ಗೊತ್ತು. ಯಂತ್ರ ಒಂದು ಚಿಟಿಕೆ ಹೊಡೆದರೆ ಸಾಕು, ಉಳಿದದ್ದನ್ನು ನೆನಪು ತುಂಬಿಕೊಡುತ್ತದೆ. ಮುಂಬೈ-ಪುಣೆ ನಡುವೆ ಖೋಪೋಲಿಯ ಹತ್ತಿರ ಇರುವ ಇಮ್ಯಾಜಿಕಾ ಪಾರ್ಕ್ ‘ಮಿಸ್ಟರ್ ಇಂಡಿಯಾ’ ಸಿನಿಮಾವನ್ನು ಸಿಮ್ಯುಲೇಟರ್ ಸವಾರಿ ಮಾಡಿದ್ದರ ಹಿಂದೆಯೂ ಇದೇ ಜಾಣತನ ಇದೆ. (ಆ ಸಿನಿಮಾ ಬಂದಿದ್ದೂ 1987ರಲ್ಲೇ.)

ಇದರ ಭರ್ಜರಿ ಉದಾಹರಣೆ 2010ರ ಜೂನ್‌ನಲ್ಲಿ ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ, ಯುನಿವರ್ಸಲ್‌ನ ‘ಐಲ್ಯಾಂಡ್ಸ್ ಆಫ್ ಅಡ್ವೆಂಚರ್’ ಪಾರ್ಕಿನಲ್ಲಿ ತೆರೆದುಕೊಂಡಿತು. ಹ್ಯಾರಿ ಪಾಟರ್ ಲೋಕ. ಅದರ ಮುಖ್ಯ ಸವಾರಿಯಲ್ಲಿ ನಾಲ್ಕು ಸೀಟಿನ ಬೆಂಚನ್ನು ಹೊತ್ತಿರುವುದು ಜರ್ಮನಿಯ ಕೂಕಾ ಕಂಪನಿಯ ರೋಬೊ ತೋಳು. ಇಂಥದ್ದೇ ತೋಳುಗಳು ಕಾರು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತವೆ. ಇಲ್ಲಿ ಆ ತೋಳುಗಳೇ ಹಳಿಯ ಮೇಲೆ ಸಾಲಾಗಿ ಸಾಗುತ್ತವೆ. ಸ್ವಲ್ಪ ದೂರ ನಿಜವಾದ ಸೆಟ್ಟುಗಳ ನಡುವೆ ಹೋಗುತ್ತೀರಿ. ಬೊಂಬೆ ಡ್ರ್ಯಾಗನ್ ಮುಖಕ್ಕೆ ಬಿಸಿ ಹಬೆ ಊದುತ್ತದೆ. ಮರುಕ್ಷಣ ಬಟ್ಟಲಿನಂತೆ ಬಾಗಿದ ಪರದೆಯೊಂದು ಕಣ್ಣನ್ನೆಲ್ಲ ತುಂಬಿಕೊಳ್ಳುತ್ತದೆ. ಪ್ರತಿ ಬೆಂಚಿಗೂ ಅದರದ್ದೇ ಪರದೆ. ಪರದೆಗಳೆಲ್ಲ ಒಂದು ದೊಡ್ಡ ತಿರುಗಣೆಯ ಮೇಲೆ ಕೂತು ಬೆಂಚಿನ ಜೊತೆಜೊತೆಗೇ ಸುತ್ತುತ್ತವೆ. ಸಿನಿಮಾ ಓಡುತ್ತಿರುವಾಗಲೂ ಸಾಲು ನಿಲ್ಲುವುದೇ ಇಲ್ಲ. ಕೂತವರಿಗೆ ಮಾತ್ರ ಪೊರಕೆ ಏರಿ ಹಾರುತ್ತಿರುವ ಹುಡುಗನ ಹಿಂದೆ ತಾವೂ ಹಾರುತ್ತಿದ್ದೇವೆ ಅನ್ನಿಸುತ್ತದೆ.

ಸವಾರಿಗಿಂತ ಅದರ ಕ್ಯೂ ನನಗೆ ಜಾಸ್ತಿ ಹಿಡಿಸುತ್ತದೆ ಅಂದರೆ ನಗಬೇಡಿ. ಸಾಲು ಹ್ಯಾರಿಯ ಮಾಂತ್ರಿಕ ಶಾಲೆಯ ಕೋಟೆಯೊಳಗೇ ಹೋಗುತ್ತದೆ. ಹೆಡ್‌ಮಾಸ್ಟರ್ ಕೋಣೆ, ಕ್ಲಾಸ್‌ರೂಮು, ಗೋಡೆಯ ಮೇಲೆ ಒಂದಕ್ಕೊಂದು ಮಾತಾಡಿಕೊಳ್ಳುವ ಭಾವಚಿತ್ರಗಳು. ಕಾಯುವಿಕೆಯ ಮನಶ್ಶಾಸ್ತ್ರದ ಬಗ್ಗೆ ಡೇವಿಡ್ ಮೇಸ್ಟರ್ 1985ರಲ್ಲಿ ಬರೆದ ಪ್ರಬಂಧದ ಮೊದಲ ಮಾತೇ ಇದು: ಏನಾದರೂ ಮಾಡುತ್ತಾ ಕಳೆದ ಹೊತ್ತು ಸುಮ್ನೆ ನಿಂತು ಕಳೆದ ಹೊತ್ತಿಗಿಂತ ಚಿಕ್ಕದು ಅನ್ನಿಸುತ್ತದೆ. ಜೊತೆಗೆ ಇನ್ನೊಂದು ಲಾಭ. ಬೆಂಚು ಸಿಗುವಷ್ಟರಲ್ಲಿ ಜನ ಕಥೆಯೊಳಗೆ ಅರ್ಧ ಮುಳುಗಿರುತ್ತಾರೆ. ಉದ್ಯಮದ ಅಂದಾಜಿನ ಪ್ರಕಾರ 2009ರಲ್ಲಿ ಆ ಪಾರ್ಕಿಗೆ ಬಂದವರು ಸುಮಾರು 46 ಲಕ್ಷ. 2011ರಲ್ಲಿ 75 ಲಕ್ಷ ದಾಟಿತು.

ವಿವರಗಳ ಹುಚ್ಚು ಕೆಲವೊಮ್ಮೆ ಅತಿಗೆ ಹೋಗುತ್ತದೆ. 2019ರಲ್ಲಿ ಡಿಸ್ನಿಯ ಸ್ಟಾರ್ ವಾರ್ಸ್ ಊರಿನಲ್ಲಿ ಕೋಕಾ ಕೋಲವನ್ನು ಸಿನಿಮಾದ ಬಾಂಬಿನಂಥ ಗುಂಡಗಿನ ಬಾಟಲಿಯಲ್ಲಿ ಮಾರಿದರು. ಅದನ್ನು ವಿಮಾನದಲ್ಲಿ ತರುವಂತಿಲ್ಲ ಎಂದು ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಇಲಾಖೆ ಹೇಳಿ, ಗಲಾಟೆಯಾದ ಮೇಲೆ ಮಾತು ಬದಲಿಸಿತು.

ಕಥೆಯ ಬಲವನ್ನೇ ನೆಚ್ಚಿಕೊಂಡರೂ ಕಷ್ಟ. ಅದೇ ಸ್ಟಾರ್ ವಾರ್ಸ್ ಹೆಸರಲ್ಲಿ ಡಿಸ್ನಿ 2022ರ ಮಾರ್ಚ್‌ನಲ್ಲಿ ನೌಕೆಯಂಥ ಹೋಟೆಲೊಂದನ್ನು ತೆರೆಯಿತು. ಎರಡು ರಾತ್ರಿಗೆ ಇಬ್ಬರಿಗೆ ಹತ್ತಿರ ಹತ್ತಿರ 5,000 ಡಾಲರ್. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಅತ್ತ ಪರದೆಯನ್ನೇ ನೆಚ್ಚಿಕೊಂಡ ಸವಾರಿಗಳಲ್ಲಿ ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಹೊಟ್ಟೆ ತೊಳಸುತ್ತದೆ. ಇಬ್ಬರ ಜಗಳಕ್ಕೆ ಮಧ್ಯೆ ಸಿಕ್ಕಿಬೀಳುವುದು ತಿಂದ ತಿಂಡಿ.

ಹಾಗಾದರೆ ಕಣ್ಣು-ಕಿವಿಗೆ ಏನೂ ಮೋಸ ಮಾಡದ ಯಂತ್ರಕ್ಕೆ ಕಥೆ ಯಾಕೆ ಬೇಕು? ಇದಕ್ಕೂ ಒಂದು ಉದಾಹರಣೆ ಇದೆ. ‘ಟವರ್ ಆಫ್ ಟೆರರ್’ ಅಂದರೆ ಬೀಳುವ ಲಿಫ್ಟ್. ಅಲ್ಲಿ ನಿಜಕ್ಕೂ ಬೀಳುತ್ತೀರಿ. ಮೋಟಾರು ಕೇಬಲ್ ಹಿಡಿದು ಕೆಳಕ್ಕೆ ಎಳೆಯುವುದರಿಂದ, ತಾನಾಗೇ ಬೀಳುವುದಕ್ಕಿಂತಲೂ ಜೋರಾಗಿ. ಫ್ಲೋರಿಡಾದಲ್ಲಿ ಇದು 1994ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2004ರಲ್ಲಿ ಬಂತು. ಎರಡೂ ಕಡೆ ಹಳೆಯ ಟಿ.ವಿ. ಸರಣಿಯೊಂದರ ಹೆಸರಿನಲ್ಲಿ ಕಟ್ಟಿದ ದೆವ್ವದ ಹೋಟೆಲ್ ಕಥೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಗೋಪುರಕ್ಕೆ ಬಣ್ಣ ಬಳಿದು, ಕೊಳವೆ ಅಂಟಿಸಿ, ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಸಿನಿಮಾದ ಕೋಟೆ ಮಾಡಿದರು. ಒಳಗಿನ ಲಿಫ್ಟ್ ಹಳೆಯದೇ. ಈಗ ಆರು ಪಾಪ್ ಹಾಡುಗಳಲ್ಲಿ ಯಾವುದೋ ಒಂದು ಮೊಳಗುತ್ತದೆ, ಲಿಫ್ಟ್ ಏರಿಳಿಯುವ ಬಗೆಯೂ ಹಾಡಿಗೆ ತಕ್ಕಂತೆ ಬದಲಾಗುತ್ತದೆ, ಜನ ತೋಳೆತ್ತಿ ಹಾಡುತ್ತಾ ಬೀಳುತ್ತಾರೆ. ಫ್ಲೋರಿಡಾದಲ್ಲಿ ಮಾತ್ರ ಇವತ್ತಿಗೂ ದೆವ್ವದ ಹೋಟೆಲೇ ನಡೆಯುತ್ತಿದೆ. ಅಲ್ಲಿ ಬೀಳುವವರು ಕಂಬಿ ಬಿಗಿಹಿಡಿದು ಕಿರುಚುತ್ತಾರೆ.