ಹತ್ತು ನಿಮಿಷ ಇಂಜಿನ್ ಓಡಿಸಿದರೆ ಬ್ಯಾಟರಿ ತುಂಬುವುದಿಲ್ಲ

“ಕಾರು ಹೊರಗೆ ತೆಗೆಯೋದೇ ಅಪರೂಪ ಸಾರ್. ಆದ್ರೂ ದಿನಾ ಬೆಳಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ. ಬ್ಯಾಟರಿ ಹೇಗೆ ಇಳೀತು?” ಚಳಿಗಾಲ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಆ ಹತ್ತು ನಿಮಿಷ ಸಾಲದೆಯೇ ಇಳೀತು ಎಂದರೆ ನಂಬುವವರು ಕಡಿಮೆ.

ಲೆಕ್ಕ ನೋಡಿ. ನಿಂತ ಕಾರಿನಲ್ಲೂ ಅಲಾರಂ, ಲಾಕು, ಕಂಪ್ಯೂಟರ್ ಕರೆಂಟ್ ಹೀರುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ಅಂತಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದಷ್ಟು ಚಾರ್ಜ್ ಅಂದರೆ ಒಂದು ಆಂಪಿಯರ್-ಅವರ್) ಹೋಯಿತು. ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ಓಡುವಾಗ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ನಿಧಾನವಾಗಿ ತಿರುಗುತ್ತದೆ. ಹೆಡ್‌ಲೈಟ್, ಬ್ಲೋಯರ್, ಹಿಂಬದಿ ಗಾಜಿನ ಹೀಟರ್ ಹಾಕಿದಿರೋ, ಹುಟ್ಟಿದ ಕರೆಂಟೆಲ್ಲ ಬಹುಪಾಲು ಅಲ್ಲೇ ಖರ್ಚು. ಮೇಲಾಗಿ ತಣ್ಣಗಿರುವ ಬ್ಯಾಟರಿ ಚಾರ್ಜನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. 5 ಆಂಪಿಯರ್ ಒಳಗೆ ಹೋಯಿತೆಂದರೂ ಹತ್ತು ನಿಮಿಷಕ್ಕೆ 0.8 ಆಂಪಿಯರ್-ಅವರ್ ಅಷ್ಟೇ. ಸೆಲ್ಫ್ ಹೊಡೆದದ್ದನ್ನು ಅದರಲ್ಲೇ ಕಳೆಯಿರಿ. ದಿನಾ ಸಾಲ.

“ಇಂಜಿನ್ ಓಡುವಾಗ ಮೀಟರ್ 14 ವೋಲ್ಟ್ ತೋರಿಸ್ತಿದೆಯಲ್ಲ?” ಅದು ಆಲ್ಟರ್ನೇಟರಿನ ವೋಲ್ಟೇಜು, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ಅದು ಹೇಳುವುದಿಲ್ಲ. ಇಂಜಿನ್ ಆರಿಸಿ, ನಾಲ್ಕೈದು ಗಂಟೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ. ಅರ್ಧದಲ್ಲೇ ವಾರಗಟ್ಟಲೆ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೇ ಶಕ್ತಿ ಪೂರ್ತಿ ಬರುವುದಿಲ್ಲ.

ನಿವೃತ್ತ ಹಿರಿಯರೊಬ್ಬರು ಈ ಬೆಳಗಿನ ಸೇವೆಯನ್ನು ಡೈರಿಯಲ್ಲಿ ಬರೆದಿಡುತ್ತಿದ್ದರು. ಟರ್ಮಿನಲ್‌ಗಳಿಗೆ ವ್ಯಾಸಲಿನ್ ಸವರಿ ಫಳಫಳ ಇಟ್ಟಿದ್ದರು. ಆಯಿಲ್ ಮುಚ್ಚಳ ತಿರುಗಿಸಿದರೆ ಒಳಗೆ ಹಾಲುಬೂದಿ ಬಣ್ಣದ ಲೋಳೆ. ಇಂಜಿನ್ ಕಾಯುವ ಮುಂಚೆಯೇ ಆರಿಸುತ್ತಿದ್ದರಿಂದ ನೀರಿನ ಆವಿ ಆಯಿಲ್ ಜೊತೆ ಸೇರಿ ಕಟ್ಟಿದ್ದು. ಅಂಥ ಶಿಸ್ತಿನ ಮನುಷ್ಯರಿಗೆ ಬೈಯಲೂ ಮನಸ್ಸು ಬರಲಿಲ್ಲ. ಡೈರಿಯಲ್ಲಿ ವೋಲ್ಟೇಜಿಗೂ ಒಂದು ಕಾಲಂ ಹಾಕಿ ಅಂದೆ, ಖುಷಿಯಾಗಿ ಒಪ್ಪಿದರು.

ಮತ್ತೇನು ಮಾಡಬೇಕು? ಪ್ಲಗ್ ಪಾಯಿಂಟ್ ಹತ್ತಿರವಿದ್ದರೆ, ತುಂಬಿದ ಮೇಲೆ ತಾನೇ ಕಡಿಮೆಯಾಗುವ ಆಟೊಮ್ಯಾಟಿಕ್ ಚಾರ್ಜರ್ ಹಾಕಿಡಿ. ನಿಮ್ಮದು ಎಜಿಎಂ ಬ್ಯಾಟರಿಯಾದರೆ (ಆಸಿಡ್ಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಬಗೆ) ಚಾರ್ಜರಿನಲ್ಲಿ ಆ ಸೆಟ್ಟಿಂಗ್ ಇದೆಯೇ ನೋಡಿಕೊಳ್ಳಿ. ಇಲ್ಲವೆಂದರೆ ವಾರಕ್ಕೊಮ್ಮೆ ಅರ್ಧ-ಮುಕ್ಕಾಲು ಗಂಟೆ ರಸ್ತೆಯ ಮೇಲೆ ಓಡಿಸಿ. ಎಲ್ಲ ಕಾರಿಗೂ ಇಷ್ಟೇ ಸಾಕೆಂದು ಹೇಳಲಾರೆ. ಹಳೇ ಬ್ಯಾಟರಿಗೆ ಸಾಲದೆಯೂ ಹೋಗಬಹುದು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ವೈರ್ ಬಿಚ್ಚಿಡಿ. ಮತ್ತೆ ಜೋಡಿಸಿದಾಗ ಕೆಲವು ಕಾರುಗಳಲ್ಲಿ ರೇಡಿಯೋ ಕೋಡ್ ಕೇಳುತ್ತದೆ, ಮೊದಲೇ ಮ್ಯಾನುಯಲ್ ತೆಗೆದು ನೋಡಿ.

ಹಿಮ ಬೀಳುವ ಕಡೆ ಇನ್ನೊಂದು ಎಚ್ಚರ. ತುಂಬಿದ ಬ್ಯಾಟರಿ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ಬರಿದಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಗಟ್ಟಿಯಾಗಬಲ್ಲದು. ಪಕ್ಕಗಳು ಉಬ್ಬಿದ್ದರೆ ಚಾರ್ಜರನ್ನೂ ಹಾಕಬೇಡಿ, ಜಂಪ್ ಸ್ಟಾರ್ಟೂ ಮಾಡಬೇಡಿ. ಸಿಡಿಯಬಹುದು.