ಅವಲೋಕನ ಕಲಿಕೆ: ನೋಡಿ ಕಲಿತ ಏಟು

ಯಾರೂ ಕೂರಿಸಿಕೊಂಡು ಹೇಳಿಕೊಡದಿದ್ದರೂ, ಬೇರೆಯವರು ಮಾಡುವುದನ್ನು ನೋಡಿಯೇ ಒಂದು ವರ್ತನೆಯನ್ನು ಕಲಿಯುವುದಕ್ಕೆ ಮನೋವಿಜ್ಞಾನದಲ್ಲಿ ಅವಲೋಕನ ಕಲಿಕೆ ಎನ್ನುತ್ತಾರೆ. ಕಲಬುರಗಿಯ ಮನೆಗಳಲ್ಲಿ ಈ ಪಾಠ ಒಲೆಯ ಮುಂದೆಯೇ ನಡೆಯುತ್ತದೆ. ಅವ್ವ ಜೋಳದ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತ ಮೂರು ವರ್ಷದ ಹುಡುಗಿ ಒಂದಿಷ್ಟು ಹಿಟ್ಟು ಕಸಿದುಕೊಂಡು ತಾನೂ ಬಡಿಯುತ್ತಾಳೆ. ಬಡಿಯುತ್ತಲೇ ಹಿಟ್ಟನ್ನು ತಿರುಗಿಸುವ ಕೈಚಳಕವನ್ನೂ ಬಿಡುವುದಿಲ್ಲ. ಅದೇ ಹುಡುಗಿ ಅಂಗನವಾಡಿಯಲ್ಲಿ ಗೊಂಬೆಗೆ ಉಣಿಸುತ್ತಾ, "ಉಣ್ಣುತ್ತೀಯೋ, ಎರಡು ಬಿಗಿಯಲೋ?" ಎಂದು ಅದರ ಕೆನ್ನೆಗೆ ಬಾರಿಸಿದರೆ ಸುತ್ತ ಇದ್ದವರು ನಗುತ್ತಾರೆ. ರೊಟ್ಟಿ ಕಲಿತ ದಾರಿಯಲ್ಲೇ ಅವಳು ಇದನ್ನೂ ಕಲಿತಿರುತ್ತಾಳೆ.

ಈ ಪರಿಕಲ್ಪನೆಗೆ ಗಟ್ಟಿ ನೆಲೆ ಕೊಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ (1925–2021). ಡೊರೊತಿಯಾ ರಾಸ್ ಮತ್ತು ಶೀಲಾ ರಾಸ್ ಅವರೊಂದಿಗೆ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಶುವಿಹಾರದ 72 ಮಕ್ಕಳಿದ್ದರು. ಎದುರಿಗೆ 'ಬೋಬೋ' ಎಂಬ ಗಾಳಿ ತುಂಬಿದ ಗೊಂಬೆ. ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಸಿಗುವಂಥದ್ದೇ: ತಳ ಭಾರ, ಬೀಳಿಸಿದರೂ ಎದ್ದು ನಿಲ್ಲುತ್ತದೆ. 24 ಮಕ್ಕಳ ಮುಂದೆ ಹಿರಿಯರೊಬ್ಬರು ಅದನ್ನು ಒದ್ದರು, ಮೇಲೆ ಕೂತು ಮೂಗಿಗೆ ಗುದ್ದಿದರು, ಮರದ ಸುತ್ತಿಗೆಯಿಂದ ತಲೆಗೆ ಹೊಡೆದರು. ಇನ್ನು 24 ಮಕ್ಕಳು ಕಂಡದ್ದು ತನ್ನ ಪಾಡಿಗೆ ತಾನು ಆಡುವ ಹಿರಿಯರನ್ನು. ಉಳಿದವರು ಯಾರನ್ನೂ ನೋಡಲಿಲ್ಲ. ಆಮೇಲೆ ಎಲ್ಲರಿಗೂ ಒಳ್ಳೆಯ ಆಟಿಕೆ ಕೊಟ್ಟು, ಆಟ ರಂಗೇರುವಾಗ ಕಿತ್ತುಕೊಂಡು, ಬೋಬೋ ಇದ್ದ ಕೋಣೆಗೆ ಬಿಟ್ಟರು. ಹೊಡೆತ ನೋಡಿದ್ದ ಮಕ್ಕಳಲ್ಲಿ ಅನೇಕರು ಅದೇ ಸುತ್ತಿಗೆ ಎತ್ತಿದರು, ಹೊಡೆಯುವಾಗ ಹಿರಿಯರು ಆಡಿದ್ದ ಮಾತುಗಳನ್ನೂ ಆಡಿದರು. ಕೈ ಮಾಡುವುದರಲ್ಲಿ ಹುಡುಗರು ಮುಂದಿದ್ದರು.

ನನ್ನ ಮಟ್ಟಿಗೆ ಇದಕ್ಕಿಂತ ತೂಕದ್ದು ಬಂಡೂರ ಅವರದೇ 1965ರ ಪ್ರಯೋಗ. ಅಲ್ಲಿ ಮಕ್ಕಳು ನೋಡಿದ ಚಿತ್ರಕ್ಕೆ ಮೂರು ಬಗೆಯ ಕೊನೆಯಿತ್ತು: ಗೊಂಬೆಗೆ ಹೊಡೆದವನಿಗೆ ಬಹುಮಾನ, ಶಿಕ್ಷೆ ಅಥವಾ ಏನೂ ಇಲ್ಲ. ಶಿಕ್ಷೆ ನೋಡಿದ ಮಕ್ಕಳು ಅವನನ್ನು ಅನುಕರಿಸಿದ್ದು ಕಡಿಮೆ. ಸರಿಯೇ, ಭಯ ಕೆಲಸ ಮಾಡಿತು ಎನ್ನುವಷ್ಟರಲ್ಲಿ, "ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಉಡುಗೊರೆ ಕೊಡುತ್ತೇವೆ" ಎಂದು ಆಸೆ ಹಚ್ಚಿದಾಗ ಮೂರು ಗುಂಪಿನ ನಡುವಿನ ಅಂತರ ಅಳಿಸಿಹೋಯಿತು. ಶಿಕ್ಷೆ ನೋಡಿದವರೂ ಕಲಿತೇ ಇದ್ದರು, ತೋರಿಸಿರಲಿಲ್ಲ ಅಷ್ಟೆ. ಕಲಿಯುವುದು ಬೇರೆ, ಕಲಿತದ್ದನ್ನು ಹೊರಹಾಕುವುದು ಬೇರೆ ಎಂಬುದೇ ಈ ಪರಿಕಲ್ಪನೆಯ ತಿರುಳು. "ತಮ್ಮನಿಗೆ ಹೊಡೆಯುತ್ತೀಯಾ?" ಎನ್ನುತ್ತಾ ಮಗನ ಬೆನ್ನಿಗೆ ಬಾರಿಸುವ ಅಪ್ಪನ ಲೆಕ್ಕ ತಪ್ಪುವುದೂ ಇಲ್ಲಿಯೇ. ಹುಡುಗ ಅಪ್ಪನ ಎದುರು ಕೈ ಕಟ್ಟಿ ನಿಲ್ಲುತ್ತಾನೆ; ದೊಡ್ಡವರು ಚಿಕ್ಕವರ ಮೇಲೆ ಕೈ ಎತ್ತಬಹುದು ಎಂಬುದನ್ನು ಮಾತ್ರ ಕಣ್ಣಾರೆ ಕಂಡಿರುತ್ತಾನೆ.

ಕಂಡದ್ದೆಲ್ಲ ಮಗುವಿಗೆ ಅಂಟುತ್ತದೆ ಎಂದಲ್ಲ. ಗಮನವಿಟ್ಟು ನೋಡಬೇಕು, ನೆನಪಿನಲ್ಲಿ ಉಳಿಯಬೇಕು, ಮಾಡುವ ಶಕ್ತಿ ಇರಬೇಕು, ಮಾಡಲು ಕಾರಣವೂ ಬೇಕು ಎನ್ನುತ್ತಾರೆ ಬಂಡೂರ. ಪ್ರಯೋಗಕ್ಕೆ ಆಕ್ಷೇಪಗಳೂ ಇವೆ. ಹೊಡೆಯಲೆಂದೇ ಮಾಡಿದ ಗೊಂಬೆಗೆ ಹೊಡೆದರೆ ಅದನ್ನು ಆಕ್ರಮಣ ಎನ್ನಬಹುದೇ, ಆಟ ಎನ್ನಬೇಕೇ ಎಂದು ಕೇಳಿದವರಿದ್ದಾರೆ. ಆ ತಕರಾರಿನಲ್ಲಿ ಹುರುಳಿದೆ. ಗೊಂಬೆಯ ಜಾಗದಲ್ಲಿ ತಮ್ಮನಿದ್ದರೆ ಆ ಮಕ್ಕಳು ಏನು ಮಾಡುತ್ತಿದ್ದರು ಎಂಬುದನ್ನು ಈ ಪ್ರಯೋಗಗಳು ಹೇಳುವುದಿಲ್ಲ.