ಡಾರ್ಡ್: ಯಾರೂ ಆಡದೇ ನಿಘಂಟು ಸೇರಿದ ಪದ

ವೆಬ್‌ಸ್ಟರ್ಸ್ ನ್ಯೂ ಇಂಟರ್‌ನ್ಯಾಷನಲ್ ಡಿಕ್ಷನರಿಯ ಎರಡನೇ ಆವೃತ್ತಿ 1934ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಿಂದ ಹೊರಬಂತು. ಮೂರು ಸಾವಿರ ಮೀರಿದ ಪುಟ, ಪ್ರಕಾಶಕರ ಲೆಕ್ಕದಲ್ಲಿ ಆರು ಲಕ್ಷ ನಮೂದು. ಅದರ 771ನೇ ಪುಟದಲ್ಲಿ, ನ್ಯೂಗಿನಿ ಕಡೆಯ ಸಣ್ಣ ಕಾಂಗರೂ ಜಾತಿಯಾದ 'ಡಾರ್ಕಾಪ್ಸಿಸ್'ಗೂ ಹೊಂಬಣ್ಣ ಎಂಬ ಅರ್ಥದ 'ಡೋರೆ'ಗೂ ನಡುವೆ ಪುಟ್ಟದೊಂದು ನಮೂದು ಕೂತಿತ್ತು. ಪದ, ಡಾರ್ಡ್. ಪಕ್ಕದಲ್ಲಿ ಉಚ್ಚಾರಣೆ. ನಾಮಪದವೆಂಬ ಗುರುತು. ಭೌತ ಮತ್ತು ರಸಾಯನ ವಿಜ್ಞಾನಕ್ಕೆ ಸೇರಿದ್ದು ಎಂಬ ಸೂಚನೆ. ಅರ್ಥ, ಸಾಂದ್ರತೆ.

ಅಲ್ಲಿಯವರೆಗೆ ಯಾವ ವಿಜ್ಞಾನಿಯೂ ಸಾಂದ್ರತೆಯನ್ನು ಡಾರ್ಡ್ ಎಂದು ಕರೆದಿರಲಿಲ್ಲ. ಪದವೇ ಇರಲಿಲ್ಲ. ಇದ್ದದ್ದು ಒಂದು ಚೀಟಿ.

ಕಂಪ್ಯೂಟರ್ ಬರುವ ಮುಂಚೆ ನಿಘಂಟಿನ ಕೆಲಸವೆಲ್ಲ ಚೀಟಿಗಳ ಮೇಲೇ ನಡೆಯುತ್ತಿತ್ತು. ಮೂರು ಇಂಚು ಅಗಲ, ಐದು ಇಂಚು ಉದ್ದದ ಕಾಗದ; ಒಂದು ಚೀಟಿಗೆ ಒಂದು ವಿಷಯ. ವಿಷಯತಜ್ಞರು ಬರೆದ ಚೀಟಿ ಬೆರಳಚ್ಚಿಗೆ ಹೋಗಿ, ಸಂಪಾದಕರ ಕೈ ದಾಟಿ, ಉಚ್ಚಾರಣೆ ನೋಡುವವರು, ವ್ಯುತ್ಪತ್ತಿ ನೋಡುವವರು ಎಂದು ಮೇಜಿನಿಂದ ಮೇಜಿಗೆ ಸಾಗಿ ಕೊನೆಗೆ ಅಚ್ಚುಮನೆ ಸೇರಬೇಕು. ಈ ಆವೃತ್ತಿಗೆ ರಸಾಯನ ವಿಜ್ಞಾನದ ಸಂಪಾದಕರಾಗಿದ್ದವರು ಆಸ್ಟಿನ್ ಪ್ಯಾಟರ್ಸನ್. 1931ರ ಜುಲೈ 31ರಂದು ಅವರು ಬರೆದು ಕಳಿಸಿದ ಚೀಟಿಯ ಅರ್ಥ ಇಷ್ಟೇ: ದೊಡ್ಡ 'ಡಿ' ಅಥವಾ ಸಣ್ಣ 'ಡಿ', ಸಾಂದ್ರತೆ. ಅಂದರೆ ಸಾಂದ್ರತೆಗೆ ಸಂಕ್ಷಿಪ್ತವಾಗಿ ಈ ಅಕ್ಷರವನ್ನು ದೊಡ್ಡದಾಗಿಯೂ ಬರೆಯಬಹುದು, ಸಣ್ಣದಾಗಿಯೂ ಬರೆಯಬಹುದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲದ ಕಾರಣ ಇದನ್ನು ಇಷ್ಟು ಉದ್ದ ಬಿಡಿಸಿ ಹೇಳಬೇಕಾಯಿತು. ಇಂಗ್ಲಿಷಿನಲ್ಲಿ 'ಅಥವಾ' ಎನ್ನಲು ಓ, ಆರ್ ಎಂಬ ಎರಡೇ ಅಕ್ಷರ ಸಾಕು. ಹಾಗಾಗಿ ಚೀಟಿಯ ತಲೆಯಲ್ಲಿದ್ದದ್ದು ಒಟ್ಟು ನಾಲ್ಕು ಅಕ್ಷರ: ಡಿ, ಓ, ಆರ್, ಡಿ.

ಎಡವಟ್ಟಿಗೆ ಎರಡು ಕಾರಣ ಕೂಡಿಬಂದವು. 1909ರಲ್ಲಿ ಬಂದಿದ್ದ ಹಿಂದಿನ ಆವೃತ್ತಿಯಲ್ಲಿ ಸಂಕ್ಷೇಪಗಳನ್ನೂ ಪದಗಳನ್ನೂ ಒಂದೇ ಅಕಾರಾದಿಯಲ್ಲಿ ಬೆರೆಸಿದ್ದರು. ಹೊಸದರಲ್ಲಿ ಸಂಕ್ಷೇಪಗಳಿಗೆ ಬೇರೆ ವಿಭಾಗ ಮಾಡುವುದೆಂದು ತೀರ್ಮಾನವಾಗಿತ್ತು. ಪ್ಯಾಟರ್ಸನ್ನರ ಚೀಟಿ ಆ ಕಟ್ಟಿಗೆ ಹೋಗುವ ಬದಲು ಪದಗಳ ಕಟ್ಟಿಗೆ ಬಿತ್ತು. ಇನ್ನೊಂದು ಕಾರಣ ಬೆರಳಚ್ಚಿನ ಪದ್ಧತಿಯದು. ತಲೆಪದಗಳನ್ನು ಅಕ್ಷರ ಅಕ್ಷರದ ನಡುವೆ ಜಾಗ ಬಿಟ್ಟು ಬಡಿಯುತ್ತಿದ್ದರು. ಆ ಪದ್ಧತಿಗೆ ಒಗ್ಗಿದ ಕಣ್ಣಿಗೆ ಜಾಗ ಬಿಟ್ಟು ಬರೆದ ಮೂರು ತುಣುಕುಗಳು ಒಂದೇ ಪದವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಅಚ್ಚಿಗೆಂದು ಹೊಸ ಚೀಟಿ ತಯಾರಾಯಿತು; ನಾಮಪದವೆಂಬ ಗುರುತು ಬಿತ್ತು; ಉಚ್ಚಾರಣೆ ಸೇರಿತು. ಉಚ್ಚಾರಣೆ ಬರೆದ ಮೇಲೆ ಮುಗಿಯಿತು. ಹೇಗೆ ಹೇಳಬೇಕೆಂದು ಬರೆದಿರುವ ಪದವನ್ನು ಯಾರಾದರೂ ಹೇಳುತ್ತಾರೆಯೇ ಎಂದು ಯಾರೂ ಕೇಳಲು ಹೋಗುವುದಿಲ್ಲ.

ಕರಡು ತಿದ್ದುವವರನ್ನು ಇಲ್ಲಿ ಬೈದು ಪ್ರಯೋಜನವಿಲ್ಲ. ಕರಡು ತಿದ್ದುವವರು ನೋಡುವುದು ಅಚ್ಚಾದದ್ದು ಮೂಲ ಪ್ರತಿಗೆ ತಕ್ಕಂತಿದೆಯೇ ಎಂದು. ತಕ್ಕಂತೆಯೇ ಇತ್ತು. ಸಾಮಾನ್ಯ ಪದವಾಗಿದ್ದರೆ ಅದನ್ನು ಯಾರು, ಎಲ್ಲಿ, ಯಾವಾಗ ಬಳಸಿದರು ಎಂಬ ಪ್ರಯೋಗಗಳ ಚೀಟಿಗಳು ಬೆನ್ನಿಗಿರುತ್ತವೆ. ತಾಂತ್ರಿಕ ಪದಗಳಿಗೆ ತಜ್ಞರ ಮಾತೇ ಪ್ರಮಾಣ. ತಜ್ಞರೋ, ಪದವನ್ನೇ ಕೊಟ್ಟಿರಲಿಲ್ಲ. ಪ್ರತಿ ಮೇಜಿನವರೂ ತಮ್ಮ ಪಾಲಿನದನ್ನು ಸರಿಯಾಗಿ ಮಾಡಿದರು, ಎಲ್ಲವೂ ಸೇರಿ ತಪ್ಪಾಯಿತು.

1939ರ ಫೆಬ್ರುವರಿ 28ರಂದು ಅಲ್ಲಿನ ಸಂಪಾದಕರೊಬ್ಬರ ಕಣ್ಣಿಗೆ ಡಾರ್ಡ್ ಬಿತ್ತು. ಅವರನ್ನು ತಡೆದು ನಿಲ್ಲಿಸಿದ್ದು ಅದರ ಅರ್ಥವಲ್ಲ. ಲ್ಯಾಟಿನ್ನಿನಿಂದ ಬಂತೋ, ಗ್ರೀಕಿನಿಂದ ಬಂತೋ, ಯಾರದಾದರೂ ಹೆಸರಿನಿಂದ ಹುಟ್ಟಿತೋ ಎಂಬ ವ್ಯುತ್ಪತ್ತಿ ಇರಬೇಕಾದ ಕಡೆ ಏನೂ ಇರಲಿಲ್ಲ. ಕಡತ ಕೆದಕಿದಾಗ ಏಳೂವರೆ ವರ್ಷ ಹಳೆಯ ಚೀಟಿ ಸಿಕ್ಕಿತು.

ತೆಗೆದುಹಾಕುವುದೂ ಸಲೀಸಾಗಿರಲಿಲ್ಲ. ಪುಟಗಳು ಲೋಹದ ಫಲಕಗಳಲ್ಲಿ ಎರಕವಾಗಿರುತ್ತಿದ್ದವು. ಒಂದು ಸಾಲು ಕಿತ್ತರೆ ಅಲ್ಲಿ ತೂತು. ಕೆಳಗಿನ ಸಾಲುಗಳನ್ನು ಮೇಲೆ ಸರಿಸಿದರೆ ಇಡೀ ಕಾಲಂ ಕೆಡುತ್ತದೆ. ಆದ್ದರಿಂದ ಹತ್ತಿರದಲ್ಲೇ ಇರುವ ಯಾವುದೋ ನಮೂದನ್ನು ಬೇಕಾದಷ್ಟೇ ಹಿಗ್ಗಿಸಿ ಜಾಗ ತುಂಬಬೇಕು. ಹತ್ತಿರ ಸಿಕ್ಕಿದ್ದು 'ಡೋರೆ ಕುಲುಮೆ'. ಡೋರೆ ಗಟ್ಟಿ ಎಂದರೆ ಇನ್ನೂ ಪೂರ್ತಿ ಶುದ್ಧವಾಗದ ಚಿನ್ನ, ಬೆಳ್ಳಿಯ ಮಿಶ್ರಣ. 'ಡೋರೆ ಗಟ್ಟಿಯನ್ನು ಶುದ್ಧಿ ಮಾಡುವ ಕುಲುಮೆ' ಎಂದಿದ್ದ ವಿವರಣೆ, 'ಯಾವುದರಲ್ಲಿ ಡೋರೆ ಗಟ್ಟಿಯನ್ನು ಶುದ್ಧಿ ಮಾಡಲಾಗುತ್ತದೆಯೋ ಅಂಥ ಕುಲುಮೆ' ಎಂಬ ಧಾಟಿಗೆ ಬಂತು. ಸರ್ಕಾರಿ ಸುತ್ತೋಲೆಯ ಭಾಷೆಗೆ ಇದಕ್ಕಿಂತ ಒಳ್ಳೆಯ ನೆಪ ಸಿಗಲಿಕ್ಕಿಲ್ಲ. 1940ರಿಂದ ತಿದ್ದಿದ ಪ್ರತಿಗಳು ಬರತೊಡಗಿದವು. ಈ ಇಡೀ ಕಥೆಯನ್ನು 1954ರಲ್ಲಿ ಲೇಖನವಾಗಿ ಬರೆದವರು ಅದೇ ಸಂಸ್ಥೆಯ ಫಿಲಿಪ್ ಗೋವ್. ಮುಂದೆ 1961ರ ಮೂರನೇ ಆವೃತ್ತಿಯ ಪ್ರಧಾನ ಸಂಪಾದಕರು ಅವರೇ.

ಇಂಥವುಗಳಿಗೆ ಇಂಗ್ಲಿಷಿನಲ್ಲಿ 'ಗೋಸ್ಟ್ ವರ್ಡ್' ಎಂಬ ಹೆಸರಿದೆ, ಪ್ರೇತಪದ ಎನ್ನೋಣ. ಹೆಸರಿಟ್ಟವರು ವಾಲ್ಟರ್ ಸ್ಕೀಟ್, 1886ರಲ್ಲಿ, ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯ ಅಧ್ಯಕ್ಷ ಭಾಷಣದಲ್ಲಿ. ಅವರ ಉದಾಹರಣೆಗಳಲ್ಲಿ ಒಂದು ನಮ್ಮ ದೇಶಕ್ಕೇ ಸಂಬಂಧಿಸಿದ್ದು. 1808ರ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಹಿಂದೂಗಳ ಆಚರಣೆಗಳನ್ನು ಹೀಗಳೆಯುವ ಒಂದು ವಾಕ್ಯವಿತ್ತು: ಕೆಲವರು ಕೊಕ್ಕೆಗೆ ನೇತಾಡುತ್ತಾರಂತೆ, ಕೆಲವರು ಕೈಗೆ 'ಕೈಮ್ಸ್' ಚುಚ್ಚಿಕೊಳ್ಳುತ್ತಾರಂತೆ. ಕೈಮ್ಸ್ ಎಂದರೆ ಯಾವುದೋ ಭಯಂಕರ ಹತ್ಯಾರವೇ ಇರಬೇಕು ಎಂದು ಓದಿದವರು ನಂಬಿದರು. ಅದು 'ನೈವ್ಸ್', ಅಂದರೆ ಚಾಕುಗಳು, ಎಂಬುದರ ಅಚ್ಚಿನ ತಪ್ಪು. ದೂರದ ದೇಶದ ಸಂಗತಿಯಾದ್ದರಿಂದ ಯಾವ ವಿಚಿತ್ರ ಪದವೂ ಸಲ್ಲುತ್ತಿತ್ತು.

ವಾಲ್ಟರ್ ಸ್ಕಾಟ್‌ರ ಕಾದಂಬರಿಯೊಂದರಲ್ಲಿ 'ಕೊಲೆಯ ಯೋಚನೆಯನ್ನು ಮಾರ್ಸ್ ಮಾಡುತ್ತೀಯಾ' ಎಂಬ ಮಾತು ಅಚ್ಚಾಗಿ ಹಲವು ಮುದ್ರಣ ಕಂಡಿತು. ಈ ಪದವನ್ನು ಒಬ್ಬ ಪಂಡಿತರು ಬಂದೂಕಿಗೆ ಮದ್ದು ತುಂಬುವ ಫ್ರೆಂಚ್ ಪದಕ್ಕೆ ಗಂಟುಹಾಕಿದರು, ಇನ್ನೊಬ್ಬರು 'ಕಚ್ಚು' ಎಂಬ ಲ್ಯಾಟಿನ್ ಧಾತುವಿಗೆ. ಹಸ್ತಪ್ರತಿಯಲ್ಲಿದ್ದದ್ದು 'ನರ್ಸ್', ಮನಸ್ಸಿನಲ್ಲಿ ಪೋಷಿಸು ಎಂದು. ಡಾರ್ಡ್ ವ್ಯುತ್ಪತ್ತಿ ಇಲ್ಲದೆ ಸಿಕ್ಕಿಬಿತ್ತು, ಮಾರ್ಸ್‌ಗೆ ಎರಡೆರಡು ಇದ್ದವು. ವ್ಯುತ್ಪತ್ತಿ ಇದೆ ಎಂದಮಾತ್ರಕ್ಕೆ ಪದ ಇದೆ ಎನ್ನುವಂತಿಲ್ಲ.

ಬೇಕೆಂದೇ ಇಟ್ಟ ಸುಳ್ಳುಪದಗಳ ಜಾತಿ ಬೇರೆ. ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿ 2001ರಲ್ಲಿ 'ಎಸ್ಕ್ವಿವೇಲಿಯೆನ್ಸ್' ಎಂಬ ಪದ ಸೇರಿಸಿತು. ಅರ್ಥ, ವಹಿಸಿದ ಕೆಲಸದಿಂದ ಬೇಕೆಂದೇ ತಪ್ಪಿಸಿಕೊಳ್ಳುವುದು. ನಕಲು ಮಾಡುವವರನ್ನು ಹಿಡಿಯಲು ಹೂಡಿದ ಬಲೆ ಅದು.

ಕೆಲವು ಪ್ರೇತಗಳಿಗೆ ಜೀವ ಬಂದದ್ದೂ ಉಂಟು. ನಾವು ದಿನಾ ಆಡುವ 'ಸಿಲಬಸ್' ಅಂಥದ್ದು. ಪ್ರಾಚೀನ ರೋಮಿನಲ್ಲಿ ಸುರುಳಿ ಪುಸ್ತಕಕ್ಕೆ ಅಂಟಿಸುತ್ತಿದ್ದ ಹೆಸರಿನ ಪಟ್ಟಿಗೆ ಗ್ರೀಕ್ ಮೂಲದ 'ಸಿಟ್ಟಿಬ' ಎಂಬ ಪದವಿತ್ತು. ಸಿಸೆರೊ ತನ್ನ ಪತ್ರವೊಂದರಲ್ಲಿ ಅದನ್ನು ಬಳಸಿದ್ದ. 15ನೇ ಶತಮಾನದ ಮುದ್ರಣದಲ್ಲಿ ಅದು 'ಸಿಲಬೊಸ್' ಎಂದಾಯಿತು. ಆಮೇಲೆ ವಿದ್ವಾಂಸರು ಗ್ರೀಕಿನಲ್ಲಿ ಅದಕ್ಕೊಂದು ಬೇರನ್ನೂ ಹುಡುಕಿಕೊಟ್ಟರು. ಇವತ್ತು ಸಿಲಬಸ್ ತಪ್ಪು ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಜನರಿಗೆ ಅದು ಬೇಕಿತ್ತು. ಸಾಂದ್ರತೆಗೆ ಇಂಗ್ಲಿಷಿನಲ್ಲಿ 'ಡೆನ್ಸಿಟಿ' ಇತ್ತು, ಸಮೀಕರಣದಲ್ಲಿ ಬರೆಯಲು 'ಡಿ'ಯೂ ಗ್ರೀಕಿನ 'ರೋ'ವೂ ಇದ್ದವು. ಡಾರ್ಡ್ ಬಂದು ಮಾಡುವ ಕೆಲಸವೇ ಇರಲಿಲ್ಲ. ಈಗ ಆ ಪದದ ಬಳಕೆ ನಿಘಂಟುಗಳ ತಪ್ಪಿನ ಮಾತು ಬಂದಾಗ ಮಾತ್ರ.

ಚೀಟಿ ಹೋಗಿ ಸ್ಕ್ಯಾನರ್ ಬಂದರೂ ಪ್ರೇತಗಳು ಹೋಗಲಿಲ್ಲ. 'ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ' ಎಂಬ ಅಸಂಬದ್ಧ ಪದಪುಂಜ ಹಲವು ವಿಜ್ಞಾನ ಪ್ರಬಂಧಗಳಲ್ಲಿ ಕಾಣಿಸಿಕೊಂಡಿದೆ. 1959ರ ಒಂದು ಲೇಖನವನ್ನು ಸ್ಕ್ಯಾನ್ ಮಾಡುವಾಗ ಎಡಗಡೆಯ ಕಾಲಂನ ಪದ ಬಲಗಡೆಯ ಕಾಲಂನದಕ್ಕೆ ಅಂಟಿಕೊಂಡದ್ದು ಒಂದು ಮೂಲ. ಸರಿಯಾದ ಪದ 'ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ'; ಫಾರ್ಸಿಯಲ್ಲಿ 'ಸ್ಕ್ಯಾನಿಂಗ್' ಮತ್ತು 'ಸಸ್ಯಸಂಬಂಧಿ' ಎಂಬರ್ಥದ ಪದಗಳ ನಡುವೆ ಒಂದೇ ಚುಕ್ಕೆಯ ಅಂತರ ಇರುವುದು ಇನ್ನೊಂದು.

ಕನ್ನಡದಲ್ಲಿ ಇದರ ಸಮೀಪದ ಪಿಡುಗು ಅಂಕಿಗಳದು. ಅನುಸ್ವಾರ 'ಂ' ಬರಬೇಕಾದಲ್ಲಿ ಸೊನ್ನೆ '೦' ಒತ್ತುವುದು, ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು '೯' ಒತ್ತುವುದು. 'ಅ೦ಗಡಿ', 'ಕಾಯ೯ಕ್ರಮ' ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ. ಆದರೆ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಕೇತ 0ಸಿ82, ಸೊನ್ನೆಯದು 0ಸಿಇ6. ಹುಡುಕಿದರೆ 'ಅಂಗಡಿ'ಗೆ 'ಅ೦ಗಡಿ' ಸಿಗುವ ಭರವಸೆಯಿಲ್ಲ. ಪದಪಟ್ಟಿ ತಯಾರಿಸುವ ತಂತ್ರಾಂಶ ಎರಡನ್ನೂ ಬೇರೆ ಬೇರೆ ಪದವೆಂದು ಎಣಿಸುತ್ತದೆ. ಪತ್ತೆಗೆ ಸುಲಭದ ದಾರಿ ಇದೆ: ಕಡತದಲ್ಲಿ '೦' ಮತ್ತು '೯' ಹುಡುಕಿ, ಹಿಂದೆ ಅಥವಾ ಮುಂದೆ ಅಕ್ಷರ ಅಂಟಿಕೊಂಡಿರುವ ಕಡೆಗಳನ್ನಷ್ಟೇ ನೋಡಿ. ಸೊನ್ನೆಯನ್ನು ಒಟ್ಟಿಗೇ ಬದಲಾಯಿಸಲು ಹೋದರೆ '೧೦', '೨೦' ಕೆಡುತ್ತವೆ. ಒಂಬತ್ತನ್ನಂತೂ ಕೈಯಾರೆಯೇ ತಿದ್ದಬೇಕು, ಏಕೆಂದರೆ 'ಯ೯' ಎಂದಿದ್ದದ್ದು 'ರ್ಯ' ಆಗುವಾಗ ಅಕ್ಷರಗಳ ಕ್ರಮವೇ ತಿರುಗುತ್ತದೆ.